ಜಾವಾಕ್ಕ ಯಾವ ಬುಕ್ ತಗೊಳ್ಳಲ್ರಿ ಸರ್?

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಹುಡುಗ ಹುಡುಗಿಯರಿಗೆ ಜಾವಾ ಕಲಿಯುವುದೆಂದರೆ ಹೈದರಾಬಾದಿನ ಅಮೀರ್‌ಪೇಟೆಗೆ ಹೋಗುವುದು. ಬೆಂಗಳೂರು ರಾಜಧಾನಿ ಹೌದು, ಆದರೆ ದೂರ. ವಾಡಿಯಿಂದ ಹೊರಟು ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು ದಾಟಿ ಸಿಕಂದರಾಬಾದ್ ಸೇರುವ ಹಳಿ 1874ರದು, ನಿಜಾಮರ ಕಾಲದ್ದು. ದವಾಖಾನೆಗೆ, ಮದುವೆ ಬಟ್ಟೆಗೆ, ಕೂಲಿಗೆ, ಈಗ ಕಂಪ್ಯೂಟರ್ ಕೋರ್ಸಿಗೆ ಈ ಭಾಗದವರು ಹಿಡಿಯುವುದು ಅದೇ ದಾರಿ. ಚಿಂಚೋಳಿಗೆ ರೈಲಿಲ್ಲ, ಅಲ್ಲಿಯವರು ಬಸ್ಸಿನಲ್ಲಿ ತಾಂಡೂರಿಗೆ ಬಂದು ಹತ್ತುತ್ತಾರೆ. ಶಹಾಬಾದು ಮುಂಬಯಿ ಹಳಿಯ ಮೇಲಿರುವುದರಿಂದ ಅಲ್ಲಿಯವರು ಪುಣೆಯ ಕಡೆಗೂ ಒಂದು ಕಣ್ಣಿಟ್ಟಿರುತ್ತಾರೆ.

ಅಮೀರ್‌ಪೇಟೆಯ ಓಣಿಗಳಲ್ಲಿ ಕೋರ್ ಜಾವಾ, ಅಡ್ವಾನ್ಸ್ಡ್ ಜಾವಾ, ಫುಲ್ ಸ್ಟ್ಯಾಕ್ ಎಂಬ ಬೋರ್ಡುಗಳು ಒಂದರ ಮೇಲೊಂದು ತೂಗುತ್ತವೆ. ಅಲ್ಲಿಂದ ಮರಳುವವರ ಚೀಲದಲ್ಲಿ ಸ್ಪೈರಲ್ ಬೈಂಡಿಂಗಿನ ಜೆರಾಕ್ಸ್ ಕಟ್ಟು ಇರುತ್ತದೆ. ಅದನ್ನು ಹಗುರವಾಗಿ ನೋಡಬೇಕಿಲ್ಲ; ಅದನ್ನೇ ಓದಿ ನೌಕರಿ ಹಿಡಿದವರು ಈ ಊರುಗಳಲ್ಲಿ ಇದ್ದಾರೆ. ಆದರೆ ಆ ನೋಟ್ಸನ್ನು ಬರೆದಿರುವುದು ಇಂಟರ್‌ವ್ಯೂದಲ್ಲಿ ಬರುವ ಪ್ರಶ್ನೆಯನ್ನು ಮುಂದಿಟ್ಟುಕೊಂಡು. ಸರ್ವ್‌ಲೆಟ್ಟಿನ ಜೀವನಚಕ್ರ ಏನು ಎಂದು ಕೇಳಿದರೆ ಇನಿಟ್, ಸರ್ವಿಸ್, ಡಿಸ್ಟ್ರಾಯ್ ಎಂಬ ಮೂರು ಹೆಸರು ಅದರಲ್ಲಿ ಸಿಗುತ್ತವೆ. ಅವನ್ನು ಕರೆಯುವವರು ಯಾರು, ಯಾವಾಗ, ಎಷ್ಟು ಸಲ ಎಂಬುದು ಪಾಠ ಹೇಳಿದವರ ಬಾಯಲ್ಲಿತ್ತು, ಕಾಗದಕ್ಕೆ ಇಳಿಯಲಿಲ್ಲ.

ಇನ್ನೊಂದು ಕಡೆ ಸಿಲಬಸ್ಸಿನ ಪುಸ್ತಕ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2015ರ ಸ್ಕೀಮಿನಲ್ಲಿ ಕಂಪ್ಯೂಟರ್ ಸೈನ್ಸಿನ ಐದನೇ ಸೆಮಿಸ್ಟರಿಗೆ 'ಅಡ್ವಾನ್ಸ್ಡ್ ಜಾವಾ ಅಂಡ್ ಜೆ2ಇಇ' ಎಂಬ ಐಚ್ಛಿಕ ವಿಷಯವಿತ್ತು. ಅದಕ್ಕೆ ಗೊತ್ತುಮಾಡಿದ್ದು ಹರ್ಬರ್ಟ್ ಶಿಲ್ಟ್ ಅವರ 'ಜಾವಾ: ದಿ ಕಂಪ್ಲೀಟ್ ರೆಫರೆನ್ಸ್' ಮತ್ತು ಜಿಮ್ ಕಿಯೋ ಅವರ 'ಜೆ2ಇಇ: ದಿ ಕಂಪ್ಲೀಟ್ ರೆಫರೆನ್ಸ್'. ಎರಡನೆಯದು ಮೊದಲು ಅಚ್ಚಾದದ್ದು 2002ರಲ್ಲಿ. ಪರೀಕ್ಷೆ ಬರೆಯುವವರು ಅದನ್ನೇ ಓದಲಿ, ಅಂಕ ಬೇಕಲ್ಲ. ಆದರೆ ಜೆಡಿಬಿಸಿ ಡ್ರೈವರಿನ ನಾಲ್ಕು ಬಗೆಗಳನ್ನು ಬರೆಯಿರಿ ಎಂದು ಕೇಳಿದಾಗ ಮೊದಲನೆಯದಾಗಿ ಬರೆಯುವ ಜೆಡಿಬಿಸಿ-ಒಡಿಬಿಸಿ ಬ್ರಿಜ್ ಅನ್ನು 2014ರ ಜಾವಾ 8ರಲ್ಲಿಯೇ ತೆಗೆದುಹಾಕಿದ್ದಾರೆ. ಇಲ್ಲದ ಸೇತುವೆಯ ಮೇಲೆ ನಮ್ಮ ಮಕ್ಕಳು ಎಂಟು ಅಂಕ ದಾಟುತ್ತಿದ್ದಾರೆ.

ನೋಟ್ಸನ್ನು ಕೋಚಿಂಗಿನವರು ಆರಿಸಿದರು, ಪಠ್ಯವನ್ನು ಮಂಡಳಿಯವರು ಆರಿಸಿದರು. ಕಲಿಯುವವರು ತಮಗಾಗಿ ಆರಿಸಿಕೊಂಡ ಪುಸ್ತಕ ಎಂಬುದು ಇದರ ನಡುವೆ ಇರುವುದೇ ಇಲ್ಲ. ಒಂದೇ ಪುಸ್ತಕಕ್ಕೆ ದುಡ್ಡಿದ್ದರೆ ಯಾವುದು ತಗೊಳ್ಳಲಿ ಎಂದು ಕೇಳುವವರಿಗೆ ಎಲ್ಲಕ್ಕಿಂತ ದಪ್ಪನೆಯದನ್ನು ನಾನು ಹೇಳುವುದಿಲ್ಲ, ಎಲ್ಲಕ್ಕಿಂತ ಹೊಸದನ್ನೂ ಹೇಳುವುದಿಲ್ಲ. ಬ್ರೌಸರಿನಿಂದ ಹೊರಟ ಒಂದು ಕೋರಿಕೆ ಸರ್ವರಿಗೆ ಮುಟ್ಟಿ ಉತ್ತರವಾಗಿ ಮರಳುವವರೆಗೆ ಏನೇನು ನಡೆಯುತ್ತದೆ ಎಂಬುದನ್ನು ಬಿಡಿಸಿ ತೋರಿಸುವ ಪುಸ್ತಕ ಕೊಳ್ಳಿ ಎನ್ನುತ್ತೇನೆ. ಮಿಕ್ಕದ್ದನ್ನು ಅಂತರ್ಜಾಲದಿಂದ ತುಂಬಿಕೊಳ್ಳಬಹುದು. ಇದನ್ನು ತುಂಬಿಕೊಳ್ಳುವುದು ಕಷ್ಟ.

ವಾಡಿ ಸ್ಟೇಷನ್ನಿನಲ್ಲಿ ಕೂತು ಮೊಬೈಲಿನಲ್ಲಿ ರೈಲು ಎಷ್ಟು ತಡ ಎಂದು ನೋಡುತ್ತೀರಿ. ಬ್ರೌಸರು ಒಂದು ವಿಳಾಸಕ್ಕೆ ಗೆಟ್ ಎಂಬ ಕೋರಿಕೆ ಕಳಿಸುತ್ತದೆ. ಫಾರ್ಮ್ ತುಂಬಿ ಒತ್ತಿದರೆ ಸಾಮಾನ್ಯವಾಗಿ ಅದು ಪೋಸ್ಟ್. ಆ ಕಡೆ ಜಾವಾದಲ್ಲಿ ಕಟ್ಟಿದ ವ್ಯವಸ್ಥೆ ಇದ್ದರೆ ಟಾಮ್‌ಕ್ಯಾಟಿನಂಥ ಒಂದು ಸರ್ವರ್ ಕೋರಿಕೆಯನ್ನು ಹಿಡಿದು, ವಿಳಾಸ ನೋಡಿ, ಯಾವ ಸರ್ವ್‌ಲೆಟ್ಟಿಗೆ ಕೊಡಬೇಕೆಂದು ತೀರ್ಮಾನಿಸುತ್ತದೆ. ಸರ್ವ್‌ಲೆಟ್ ಎಂದರೆ ಕೋರಿಕೆಗೆ ಉತ್ತರ ಕೊಡುವ ಜಾವಾ ಕ್ಲಾಸು, ಅಷ್ಟೇ. ಉತ್ತರದ ನೆತ್ತಿಯ ಮೇಲೆ ಒಂದು ಅಂಕೆ: ಸಿಕ್ಕರೆ 200, ವಿಳಾಸ ತಪ್ಪಿದರೆ 404, ಒಳಗೆ ಕೋಡು ಮುಗ್ಗರಿಸಿದರೆ 500. ಉತ್ತರ ಕೊಟ್ಟ ಮೇಲೆ ಎಚ್‌ಟಿಟಿಪಿ ನಿಮ್ಮನ್ನು ಮರೆತುಬಿಡುತ್ತದೆ. ಮುಂದಿನ ಕೋರಿಕೆ ಬಂದಾಗ ಇದು ಅದೇ ಮನುಷ್ಯ ಎಂದು ಗುರುತಿಸಲು ಸರ್ವರು ಮೊದಲೇ ಒಂದು ಕುಕಿಯಲ್ಲಿ ಸಂಖ್ಯೆ ಬರೆದು ಕೊಟ್ಟಿರುತ್ತದೆ. ಸೆಷನ್ ಎನ್ನುವುದು ಅದರ ಮೇಲೆ ನಿಂತಿದೆ. ಸರ್ವ್‌ಲೆಟ್ ಹುಟ್ಟಿದ್ದು 1997ರಲ್ಲಿ. ಕೋರಿಕೆ ಬಂದು ಉತ್ತರ ಹೋಗುವ ಈ ರೀತಿ ಅಂದಿನಿಂದ ಬದಲಾಗಿಲ್ಲ.

ಬದಲಾಗಿರುವುದು ಅದರ ಮೇಲಿನವು. ಶಹಾಬಾದಿನ ಗಣಿಯಲ್ಲಿ ಫರಸಿ ಕಲ್ಲು ಪದರು ಪದರಾಗಿ ಏಳುವ ಹಾಗೆ ಇಲ್ಲಿಯೂ ಪದರುಗಳಿವೆ: ತಳದಲ್ಲಿ ಎಚ್‌ಟಿಟಿಪಿ, ಅದರ ಮೇಲೆ ಸರ್ವ್‌ಲೆಟ್, ಅದರ ಮೇಲೆ ಜೆಎಸ್‌ಪಿಯೋ ಮತ್ತೊಂದೋ, ಎಲ್ಲಕ್ಕಿಂತ ಮೇಲೆ ಸ್ಟ್ರಟ್ಸ್, ಸ್ಪ್ರಿಂಗ್, ಸ್ಪ್ರಿಂಗ್ ಬೂಟ್ ಎಂಬ ಫ್ರೇಮ್‌ವರ್ಕುಗಳು. ಮೇಲಿನದು ಬೇಗ ಸವೆಯುತ್ತದೆ. ಇಪ್ಪತ್ತು ವರ್ಷದ ಹಿಂದೆ ನೌಕರಿಯ ಜಾಹೀರಾತಿನಲ್ಲೆಲ್ಲ ಇದ್ದ ಸ್ಟ್ರಟ್ಸ್ 1ರ ನಿರ್ವಹಣೆ 2013ಕ್ಕೆ ನಿಂತಿತು. ಹೈದರಾಬಾದಿನ ಕೋಠಿಯಲ್ಲಿ, ಆಬಿಡ್ಸ್‌ನ ಭಾನುವಾರದ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಹುಡುಕುವವರು ಇದನ್ನು ತಲೆಯಲ್ಲಿಟ್ಟುಕೊಂಡರೆ ಸಾಕು, ಅರ್ಧ ರಾಶಿಯನ್ನು ಮುಟ್ಟದೆ ಮುಂದೆ ಹೋಗಬಹುದು. ಹಳೆಯ ಪುಸ್ತಕ ತಳದ ಪದರು ಹೇಳುತ್ತಿದ್ದರೆ ಕೈಗೆತ್ತಿಕೊಳ್ಳಿ; ಮೇಲಿನ ಪದರು ಮಾತ್ರ ಹೇಳುತ್ತಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.

ಹಳೆಯದನ್ನು ಕೊಂಡವರು ಎಡವುವ ಜಾಗ ಒಂದಿದೆ, ಅದನ್ನು ತುಸು ವಿವರವಾಗಿಯೇ ಹೇಳಬೇಕು. ಪುಸ್ತಕದ ಮೊದಲ ಪ್ರೋಗ್ರಾಮನ್ನು ಅಕ್ಷರ ತಪ್ಪದೆ ಟೈಪು ಮಾಡುತ್ತೀರಿ. ಕಂಪೈಲ್ ಆಗುವುದಿಲ್ಲ; ಸರ್ವ್‌ಲೆಟ್ ಎಂಬ ಪ್ಯಾಕೇಜೇ ಇಲ್ಲ ಎನ್ನುತ್ತದೆ. ಕಾರಣ ಹೀಗಿದೆ. ಜಾವಾ ಹುಟ್ಟಿಸಿದ ಸನ್ ಮೈಕ್ರೋಸಿಸ್ಟಮ್ಸ್ ಅನ್ನು ಒರಾಕಲ್ ಕೊಂಡದ್ದು 2010ರಲ್ಲಿ. ಜಾವಾ ಇಇ ಎಂದು ಹೆಸರಾಗಿದ್ದ ಸರ್ವರ್ ಭಾಗವನ್ನು ನಡೆಸಿಕೊಂಡು ಹೋಗಲು ಒರಾಕಲ್ 2017ರಲ್ಲಿ ಎಕ್ಲಿಪ್ಸ್ ಫೌಂಡೇಶನ್ನಿಗೆ ಒಪ್ಪಿಸಿತು. ಕೋಡು ಕೊಟ್ಟಿತು, ಆದರೆ ಜಾವಾ ಎಂಬ ಹೆಸರಿನ ಹಕ್ಕನ್ನು ಬಿಟ್ಟುಕೊಡಲಿಲ್ಲ. ಜಾವಾಎಕ್ಸ್ ಎಂದು ಶುರುವಾಗುವ ಪ್ಯಾಕೇಜುಗಳನ್ನು ಇನ್ನು ತಿದ್ದಿ ಬೆಳೆಸುವಂತಿಲ್ಲ ಎಂದು 2019ರಲ್ಲಿ ಇತ್ಯರ್ಥವಾಯಿತು. ಹಾಗಾಗಿ ಜಾವಾ ಇಇಯೇ ಹೆಸರು ಬದಲಿಸಿಕೊಂಡು 2020ರ ಕೊನೆಗೆ ಬಂದ ಜಕಾರ್ತಾ ಇಇ 9ರಲ್ಲಿ ಆ ಹೆಸರುಗಳೆಲ್ಲ ಜಕಾರ್ತಾ ಎಂದು ಬದಲಾದವು. ಟಾಮ್‌ಕ್ಯಾಟ್ 9 ಹಳೆಯ ಹೆಸರನ್ನು ಬಲ್ಲದು, ಟಾಮ್‌ಕ್ಯಾಟ್ 10 ಹೊಸದನ್ನು ಮಾತ್ರ. 2022ರ ನವೆಂಬರಿನಲ್ಲಿ ಬಂದ ಸ್ಪ್ರಿಂಗ್ ಬೂಟ್ 3 ಕೂಡ ಹೊಸದರ ಕಡೆಗೆ, ಅದಕ್ಕೆ ಕನಿಷ್ಠ ಜಾವಾ 17 ಬೇಕು.

ಇದು ಗೊತ್ತಿಲ್ಲದ ಹುಡುಗ ತನಗೆ ಜಾವಾ ಹತ್ತುವುದಿಲ್ಲ ಎಂದುಕೊಂಡು ಪುಸ್ತಕ ಮುಚ್ಚುತ್ತಾನೆ. ಗೊತ್ತಿದ್ದವನು ಹಳೆಯ ಪುಸ್ತಕದ ಜೊತೆ ಟಾಮ್‌ಕ್ಯಾಟ್ 9 ಹಾಕಿಕೊಂಡು ಪಾಠ ಮುಗಿಸುತ್ತಾನೆ, ಆಮೇಲೆ ಮೇಲಿನ ಇಂಪೋರ್ಟ್ ಸಾಲುಗಳನ್ನು ಬದಲಿಸಿ 10ಕ್ಕೆ ಏರುತ್ತಾನೆ. ಒಂದು ಕಂಪನಿ ಮತ್ತು ಒಂದು ಸಂಸ್ಥೆಯ ನಡುವಿನ ಹಕ್ಕಿನ ಮಾತುಕತೆ ಸೇಡಂನ ಓಣಿಯ ಲ್ಯಾಪ್‌ಟಾಪಿನಲ್ಲಿ ಕೆಂಪು ಗೆರೆಯಾಗಿ ಮೂಡುತ್ತದೆಂದು ಯಾರು ಹೇಳಬೇಕಿತ್ತು?

ಹೇಳುವವರು ಒಂದು ಕಾಲಕ್ಕೆ ಇದ್ದರು, ಅದೂ ಇಲ್ಲಿಯೇ. ಚಿತ್ತಾಪುರಕ್ಕೆ ಹತ್ತಿದಂತಿರುವ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಘಟಿಕಾಸ್ಥಾನ ಎಂಬ ವಿದ್ಯಾಕೇಂದ್ರವಿತ್ತು. ಒಂದನೇ ಸೋಮೇಶ್ವರನ ಆಳಿಕೆಯ 1058ರ ಶಾಸನ ಅದರ ವ್ಯವಸ್ಥೆಯನ್ನು ವಿವರಿಸುತ್ತದೆ: ವೇದ ಓದುವ ಇನ್ನೂರು ಮಂದಿ, ಶಾಸ್ತ್ರ ಓದುವ ಐವತ್ತರಷ್ಟು ಮಂದಿ, ಅವರಿಗೆ ಪಾಠ ಹೇಳುವವರು, ಇವರ ಜೊತೆಗೆ ಆರು ಜನ ಸರಸ್ವತೀ ಭಂಡಾರಿಗರು. ಭಂಡಾರಿಗರೆಂದರೆ ಪುಸ್ತಕ ನೋಡಿಕೊಳ್ಳುವವರು. ಅವರ ಜೀವನಕ್ಕೂ ಭೂಮಿ ಬಿಟ್ಟಿದ್ದರು. ಇನ್ನೂರೈವತ್ತು ಓದುಗರಿಗೆ ಆರು ಜನ! ಯಾವ ಓಲೆ ಯಾರ ಕೈಗೆ ಹೋಗಬೇಕೆಂದು ತಿಳಿದವರು ಅವರಲ್ಲಿ ಇದ್ದೇ ಇರಬೇಕು ಎಂಬುದು ನನ್ನ ಊಹೆ. ಈಗ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ 2020ರಿಂದ ಇದೆ, ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ. ಕಂಪ್ಯೂಟರ್ ಇಟ್ಟರೆ ಅರ್ಧ ಕೆಲಸವಾಯಿತು. ಈ ಪುಸ್ತಕ ನಿನಗೆ, ಅದು ಮುಂದಿನ ವರ್ಷಕ್ಕೆ ಎಂದು ಹೇಳುವ ಒಬ್ಬರನ್ನು ಕೂರಿಸುವುದು ಬಾಕಿ.

ಅಲ್ಲಿಯವರೆಗೆ ನೀವೇ ಭಂಡಾರಿಗರಾಗಬೇಕು. ಅಂಗಡಿಯಲ್ಲಿ ನಿಂತೇ ಪುಸ್ತಕವನ್ನು ಪರೀಕ್ಷಿಸಲು ಬರುತ್ತದೆ. ಮುಖಪುಟದ ಮೇಲಿನ ವರ್ಷವನ್ನು ನಂಬಬೇಡಿ, ಅದು ಮರುಮುದ್ರಣದ್ದಿರಬಹುದು. ಪರಿವಿಡಿಯಲ್ಲಿ ಆಪ್ಲೆಟ್ ಎಂಬ ಅಧ್ಯಾಯ ಕಂಡರೆ ಎಚ್ಚರ. ಬ್ರೌಸರಿನೊಳಗೆ ಓಡುತ್ತಿದ್ದ ಆ ಪುಟ್ಟ ಜಾವಾ ಪ್ರೋಗ್ರಾಮುಗಳ ಕಾಲ ಮುಗಿದು ಬಹಳ ದಿನವಾಯಿತು. ಆಮೇಲೆ ಡೇಟಾಬೇಸಿನ ಅಧ್ಯಾಯಕ್ಕೆ ಹೋಗಿ. ಬಳಕೆದಾರ ಟೈಪು ಮಾಡಿದ ಹೆಸರನ್ನು ಕೂಡಿಸುವ ಚಿಹ್ನೆ ಹಾಕಿ ಎಸ್‌ಕ್ಯೂಎಲ್ ವಾಕ್ಯಕ್ಕೆ ನೇರವಾಗಿ ಅಂಟಿಸಿದ್ದರೆ ಅಂಥ ಪುಸ್ತಕ ಇಳಿಸಿಬಿಡಿ. ಡಿ'ಸೋಜಾ ಎಂಬ ಹೆಸರಿನವರು ಬಂದೊಡನೆ ಆ ಪ್ರೋಗ್ರಾಮು ಬೀಳುತ್ತದೆ. ಹೆಸರಿನ ನಡುವಿನ ಆ ಉದ್ಧರಣ ಚಿಹ್ನೆ ಹೆಸರನ್ನು ಅಲ್ಲಿಗೇ ಮುಗಿಸಿ ವಾಕ್ಯವನ್ನು ಕೆಡಿಸುತ್ತದೆ. ಕಿಡಿಗೇಡಿಯೊಬ್ಬ ಅದೇ ಕಿಂಡಿಯಿಂದ ಇಡೀ ಕೋಷ್ಟಕವನ್ನೇ ಅಳಿಸಬಹುದು. ಒಳ್ಳೆಯ ಲೇಖಕ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸುತ್ತಾನೆ, ಅಲ್ಲಿ ವಾಕ್ಯ ಬೇರೆ ಹೋಗುತ್ತದೆ, ಹೆಸರು ಬೇರೆ ಹೋಗುತ್ತದೆ.

ಸರ್ವ್‌ಲೆಟ್ ಅಧ್ಯಾಯದಲ್ಲಿ ಥ್ರೆಡ್ ಎಂಬ ಮಾತು ಬಂದಿದೆಯೇ ನೋಡಿ. ಸಾಮಾನ್ಯವಾಗಿ ಒಂದು ಸರ್ವ್‌ಲೆಟ್ಟಿಗೆ ಸರ್ವರು ಒಂದೇ ವಸ್ತುವನ್ನು ಸೃಷ್ಟಿಸುತ್ತದೆ. ನೂರು ಜನರ ಕೋರಿಕೆ ಬಂದರೆ ನೂರು ಥ್ರೆಡ್ಡುಗಳು ಆ ಒಂದರೊಳಗೇ ಓಡಾಡುತ್ತವೆ. ಬಳಕೆದಾರನ ಹೆಸರನ್ನು ಕ್ಲಾಸಿನ ಮಟ್ಟದ ಚರದಲ್ಲಿ ಇಟ್ಟರೆ ಚಿಂಚೋಳಿಯವರು ತೆರೆದ ಪುಟದಲ್ಲಿ ವಾಡಿಯವರ ಹೆಸರು ಬರಬಹುದು. ಮನೆಯಲ್ಲಿ ಒಬ್ಬರೇ ಕೂತು ಪರೀಕ್ಷಿಸಿದಾಗ ಈ ತಪ್ಪು ಕಾಣುವುದೇ ಇಲ್ಲ. ಹೀಗಾಗಿ ಪುಸ್ತಕವೇ ಮೊದಲು ಹೇಳಿರಬೇಕು.

ಕನ್ನಡಿಗರಿಗೆ ಇನ್ನೂ ಒಂದು ಪರೀಕ್ಷೆಯಿದೆ. ಇಂಗ್ಲಿಷ್ ಪುಸ್ತಕದ ಫಾರ್ಮುಗಳಲ್ಲಿ ಜಾನ್, ಮೇರಿ ಇರುತ್ತಾರೆ. ಅಲ್ಲಿ ಚಿಂಚೋಳಿ ಎಂದು ಕನ್ನಡದಲ್ಲಿ ಟೈಪು ಮಾಡಿ ಒತ್ತಿ. ಯಾವ ಲಿಪಿಸಂಕೇತ ಎಂದು ಬ್ರೌಸರು ಹೇಳದಿದ್ದರೆ ಐಎಸ್‌ಒ 8859-1 ಎಂದು ತಿಳಿಯಬೇಕೆಂಬುದು ಸರ್ವ್‌ಲೆಟ್ಟಿನ ಹಳೆಯ ನಿಯಮ. ಅದು ಪಶ್ಚಿಮ ಯೂರೋಪಿನ ಅಕ್ಷರಗಳಿಗೆ ಮಾಡಿದ್ದು. ಚಿಂಚೋಳಿಯ ಜಾಗದಲ್ಲಿ ಅರ್ಥವಿಲ್ಲದ ಗುರುತುಗಳ ಸಾಲು ಬರುತ್ತದೆ. ಕೋರಿಕೆಯ ಒಳಗನ್ನು ಓದುವ ಮೊದಲೇ ಯುಟಿಎಫ್-8 ಎಂದು ಗೊತ್ತುಪಡಿಸುವ ಒಂದು ಸಾಲು ಬರೆದರೆ ಸರಿಹೋಗುತ್ತದೆ, ಆ ಸಾಲು ಪುಸ್ತಕದಲ್ಲಿದೆಯೇ? ಕಣ್ಣಿಗೆ ಚಿಂಚೋಳಿ ಮೂರು ಅಕ್ಷರ. ಜಾವಾ ಎಣಿಸಿದರೆ ಏಳು, ಗುಣಿತ ಚಿಹ್ನೆಗಳೂ ಅನುಸ್ವಾರವೂ ಬೇರೆ ಬೇರೆ ಲೆಕ್ಕಕ್ಕೆ ಬರುತ್ತವೆ. ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರು ಬೈಟಿನಂತೆ 21 ಬೈಟು. ಊರ ಹೆಸರಿಗೆ 20 ಬೈಟು ಸಾಕೆಂದು ಡೇಟಾಬೇಸ್ ಮಾಡಿದವರ ಕೋಷ್ಟಕದಲ್ಲಿ ಚಿಂಚೋಳಿ ಹಿಡಿಸುವುದಿಲ್ಲ. 2022ರ ಜಾವಾ 18ರಿಂದ ಯುಟಿಎಫ್-8 ತಾನಾಗಿಯೇ ಇರುತ್ತದೆ; ಅದಕ್ಕೂ ಹಿಂದೆ ವಿಂಡೋಸ್ ಯಂತ್ರದಲ್ಲಿ ಒಂದು ಥರ, ಲಿನಕ್ಸ್ ಸರ್ವರಿನಲ್ಲಿ ಇನ್ನೊಂದು ಥರ.

ಈಗ ಹೆಸರುಗಳು. ನನ್ನ ಆಯ್ಕೆ ಬ್ರಯಾನ್ ಬ್ಯಾಶಮ್, ಕ್ಯಾಥಿ ಸಿಯೆರಾ, ಬರ್ಟ್ ಬೇಟ್ಸ್ ಬರೆದ 'ಹೆಡ್ ಫಸ್ಟ್ ಸರ್ವ್‌ಲೆಟ್ಸ್ ಅಂಡ್ ಜೆಎಸ್‌ಪಿ', 2008ರ ಎರಡನೇ ಆವೃತ್ತಿ. ಹಳೆಯದು, ಒಪ್ಪಿದೆ. ಸನ್ ಕಂಪನಿಯ ಒಂದು ಪ್ರಮಾಣಪತ್ರ ಪರೀಕ್ಷೆಗೆಂದು ಬರೆದದ್ದು, ಆ ಪರೀಕ್ಷೆಯೂ ಈಗಿಲ್ಲ. ಒಂದು ಸರ್ವ್‌ಲೆಟ್ ತೋರಿಸಲು ಎಕ್ಸ್‌ಎಂಎಲ್ ಕಡತದಲ್ಲಿ ಹತ್ತಾರು ಸಾಲು ಬರೆಸುತ್ತದೆ. 2009ರ ಸರ್ವ್‌ಲೆಟ್ 3ರಿಂದ ಕ್ಲಾಸಿನ ನೆತ್ತಿಯ ಮೇಲಿನ ಒಂದು ಗುರುತೇ ಸಾಕು. ಇಷ್ಟಿದ್ದರೂ ಒಂದೇ ವಸ್ತುವಿನೊಳಗೆ ಅನೇಕ ಥ್ರೆಡ್ಡುಗಳು ಹೇಗೆ ಓಡುತ್ತವೆ, ಸೆಷನ್ ಯಾವಾಗ ಸಾಯುತ್ತದೆ ಎಂಬುದನ್ನು ಚಿತ್ರ ಬರೆದು, ತಮಾಷೆ ಮಾಡಿ, ಬೇಕೆಂದೇ ಒಂದನ್ನೇ ಮೂರು ರೀತಿಯಲ್ಲಿ ಹೇಳಿ ತಲೆಗೆ ಹತ್ತಿಸುವ ಪುಸ್ತಕ ಅದು. ಟಾಮ್‌ಕ್ಯಾಟ್ 9 ಜೊತೆಗಿದ್ದರೆ ಅದರ ಹಳೆತನ ಬಾಧಿಸುವುದಿಲ್ಲ. ಇಂಗ್ಲಿಷ್ ಆಡುಮಾತಿನದು, ಕನ್ನಡ ಮಾಧ್ಯಮದಿಂದ ಬಂದವರಿಗೆ ಅಮೆರಿಕದ ಚೇಷ್ಟೆಗಳು ಮೊದಮೊದಲು ತೊಡಕಾಗಬಹುದು. ಅಂಥವರು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿರುವ ಕನ್ನಡ ದನಿಯ ಜಾವಾ ಪಾಠಗಳನ್ನು ಮೊದಲು ಕೇಳಿಬಿಡಲಿ. ಅದರಲ್ಲಿ ಭಾಷೆಯ ಬುನಾದಿ ಸಿಗುತ್ತದೆ.

ಕ್ಲಾಸು, ಇಂಟರ್‌ಫೇಸು, ಕಲೆಕ್ಷನ್ ಎಂದರೆ ಇನ್ನೂ ಮಂಜುಮಂಜು ಅನ್ನಿಸುವವರು ವೆಬ್ಬಿಗೆ ಕೈ ಹಾಕಬಾರದು. ಅವರಿಗೆ ಇಂಡಿಯಾದ ಕಾಲೇಜುಗಳೆಲ್ಲ ಬಲ್ಲ ಬಾಲಗುರುಸಾಮಿಯವರ ಪ್ರೈಮರ್ ಆದೀತು, 2022ರ 'ಹೆಡ್ ಫಸ್ಟ್ ಜಾವಾ' ಮೂರನೇ ಆವೃತ್ತಿಯಾದರೆ ಇನ್ನೂ ಮೇಲು.

ನೌಕರಿ ಕೊಡುವವರು ಕೇಳುವುದು ಸ್ಪ್ರಿಂಗ್ ಬೂಟ್. 2014ರಲ್ಲಿ ಬಂದು ಎಲ್ಲ ಕಡೆ ಹಬ್ಬಿದೆ. ಅದರಿಂದಲೇ ಶುರು ಮಾಡಿದರೆ ತಪ್ಪೇನು ಎಂದು ಅಮೀರ್‌ಪೇಟೆ ಕೇಳುತ್ತದೆ. ಸ್ಪ್ರಿಂಗ್ ಬೂಟ್ ಟಾಮ್‌ಕ್ಯಾಟನ್ನು ಹೊಟ್ಟೆಯೊಳಗೇ ಇಟ್ಟುಕೊಂಡು ಬರುತ್ತದೆ. ಸರ್ವ್‌ಲೆಟ್ ಒಂದು ಮರೆಯಲ್ಲಿ ಕೂತು ಕೋರಿಕೆಗಳನ್ನು ಹಂಚುತ್ತಿರುತ್ತದೆ. ಎಲ್ಲ ಸರಿಯಿದ್ದಾಗ ಅದು ಕಾಣುವುದೇ ಇಲ್ಲ. ಕೆಟ್ಟ ದಿನ ಪರದೆಯ ಮೇಲೆ ನೂರು ಸಾಲಿನ ದೋಷಪಟ್ಟಿ ಬಂದಾಗ ಅದರಲ್ಲಿ ಅರ್ಧಕ್ಕರ್ಧ ಸರ್ವ್‌ಲೆಟ್ಟಿನ, ಟಾಮ್‌ಕ್ಯಾಟಿನ ಹೆಸರುಗಳೇ. ತಳ ಬಲ್ಲವರು ಅದನ್ನು ಓದುತ್ತಾರೆ. ಇಲ್ಲದವರು ಅದನ್ನು ಕಾಪಿ ಮಾಡಿ ಎಲ್ಲೋ ಅಂಟಿಸಿ ಉತ್ತರ ಕಾಯುತ್ತಾರೆ. ಆದ್ದರಿಂದ ಎರಡನೇ ಪುಸ್ತಕವಾಗಿ, ಮೊದಲನೆಯದಾಗಿ ಅಲ್ಲ, ಲೌರೆನ್ಶಿಯು ಸ್ಪಿಲ್ಕಾ ಅವರ 2021ರ 'ಸ್ಪ್ರಿಂಗ್ ಸ್ಟಾರ್ಟ್ ಹಿಯರ್'. ಶುರುವಿನವರನ್ನೇ ಕಣ್ಣಮುಂದಿಟ್ಟುಕೊಂಡು ಬರೆದದ್ದು. ಕ್ರೇಗ್ ವಾಲ್ಸ್ ಅವರ 'ಸ್ಪ್ರಿಂಗ್ ಇನ್ ಆಕ್ಷನ್' ಹೆಸರುವಾಸಿ, 2022ರಲ್ಲಿ ಆರನೇ ಆವೃತ್ತಿ ಬಂತು, ಆದರೆ ಓಟ ಜೋರು. ಎರಡೂ ಸ್ಪ್ರಿಂಗ್ ಬೂಟ್ 3ಕ್ಕಿಂತ ಮೊದಲಿನವು. ಮೇಲೆ ಹೇಳಿದ ಹೆಸರಿನ ಬದಲಾವಣೆ ಇಲ್ಲೂ ನೆನಪಿರಲಿ. ಸ್ಪ್ರಿಂಗಿನವರದೇ ಮಾರ್ಗದರ್ಶಿಗಳು ಅವರ ತಾಣದಲ್ಲಿ ಪುಕ್ಕಟೆ ಸಿಗುತ್ತವೆ, ಹೊಸ ಆವೃತ್ತಿಗೆ ಅವನ್ನು ಪಕ್ಕದಲ್ಲಿಟ್ಟುಕೊಳ್ಳಿ.

ಉದಾಹರಣೆಗಳ ಬಗ್ಗೆ ಒಂದು ಮಾತು. 'ಹೆಡ್ ಫಸ್ಟ್' ಪುಸ್ತಕ ಕಟ್ಟಿಸುವ ಮೊದಲ ಸಣ್ಣ ವ್ಯವಸ್ಥೆ ಯಾವ ಬೀರ್ ಕುಡಿಯಬೇಕೆಂದು ಸಲಹೆ ಕೊಡುವಂಥದ್ದು. 'ಸ್ಪ್ರಿಂಗ್ ಇನ್ ಆಕ್ಷನ್' ಮೆಕ್ಸಿಕೋದ ಟಾಕೋ ಮಾರಿಸುತ್ತದೆ. ಬೀರಿನ ಬಣ್ಣ ಆರಿಸಿದರೆ ಬ್ರಾಂಡು ಹೇಳುವ ಜಾಗದಲ್ಲಿ ತೊಗರಿ ಹಾಕಿ. ಜಮೀನು ಎಂಥದ್ದು, ನೀರಿದೆಯೇ ಎಂದು ಆರಿಸಿದರೆ ಟಿಎಸ್-3ಆರ್, ಜಿಆರ್‌ಜಿ-811 ಎಂದು ತಳಿಗಳ ಹೆಸರು ಕನ್ನಡದಲ್ಲಿ ಬರಲಿ. ತಳಿಗಳ ಗುಣವನ್ನು ಕೃಷಿ ಇಲಾಖೆಯವರನ್ನು ಕೇಳಿ ತುಂಬಿರಿ. ಇಲ್ಲವೇ ಶಹಾಬಾದಿನ ಫರಸಿ ಅಂಗಡಿಯ ಆರ್ಡರ್ ಪುಸ್ತಕ ಮಾಡಿ: ಎಷ್ಟು ಚದರ ಅಡಿ, ಪಾಲಿಶ್ ಬೇಕೋ ಬೇಡವೋ, ಲಾರಿ ಬಾಡಿಗೆ ಎಷ್ಟು. ಪುಸ್ತಕದ ಕೋಡನ್ನು ಇದ್ದ ಹಾಗೇ ಟೈಪು ಮಾಡಿದಾಗ ಬೆರಳು ಕಲಿಯುತ್ತದೆ. ಬೀರನ್ನು ತೊಗರಿ ಮಾಡಲು ಹೊರಟಾಗ ಯಾವ ಸಾಲು ಎಲ್ಲಿಗೆ ಕೊಂಡಿಯಾಗಿದೆ ಎಂದು ಹುಡುಕಲೇಬೇಕಾಗುತ್ತದೆ. ಕೆಲಸ ಮುಗಿದ ಮೇಲೆ ಎರಡು ಮೊಬೈಲಿನಿಂದ ಒಟ್ಟಿಗೆ ತೆರೆದು ನೋಡಿ, ಥ್ರೆಡ್ಡಿನ ಪಾಠದಲ್ಲಿ ಎಡವಿದ್ದರೆ ಅಲ್ಲಿ ಕಾಣಿಸಿಕೊಳ್ಳಬಹುದು.

ಇಷ್ಟು ಹೇಳಿದ ಮೇಲೆ ಜೋಶುವಾ ಬ್ಲಾಕ್ ಅವರ 'ಎಫೆಕ್ಟಿವ್ ಜಾವಾ' ಯಾಕೆ ಬಿಟ್ಟಿರಿ ಎಂದು ಅನುಭವಿಗಳು ಕೇಳುತ್ತಾರೆ. ಬಿಟ್ಟಿಲ್ಲ, ಮುಂದಕ್ಕೆ ಹಾಕಿದ್ದೇನೆ. ಅದು ಬರೆದ ಕೋಡನ್ನು ಚೊಕ್ಕಟ ಮಾಡುವ ಪುಸ್ತಕ, ಚೊಕ್ಕಟ ಮಾಡಲು ಮೊದಲು ಒಂದಿಷ್ಟು ಬರೆದಿರಬೇಕಲ್ಲ. ಬೇರೆಯವರ ಕೋಡು ತಿದ್ದುವ ನೌಕರಿಯಲ್ಲಿ ಒಂದು ವರ್ಷ ಕಳೆದ ಮೇಲೆ ಕೊಳ್ಳಿ, ಮೂರನೇ ಆವೃತ್ತಿಯನ್ನೇ ಕೇಳಿ ತಗೊಳ್ಳಿ. ಎರಡನೆಯದು 2008ರದು, ಜಾವಾ 8ರ ಲ್ಯಾಂಬ್ಡಾ ಅದರಲ್ಲಿಲ್ಲ. ಆಬಿಡ್ಸ್ ಫುಟ್‌ಪಾತಿನಲ್ಲಿ ಅಗ್ಗಕ್ಕೆ ಸಿಗುವುದು ಹೆಚ್ಚಾಗಿ ಅದೇ.